ಹೆಪ್ಪುಗಟ್ಟಿದ ಕೆರೆಯ ಹಕ್ಕಿ ಲೆಕ್ಕ

(ಮಲೆನಾಡಿನ ಹಳ್ಳಿಗರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಚಳಿಗಾಲದ ಪಕ್ಷಿವೀಕ್ಷಣ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಡಿಸೆಂಬರ್ 21ರಂದು ಕಾಶ್ಮೀರ ಕಣಿವೆಯಲ್ಲಿ ‘ಚಿಲ್ಲೈ ಕಲಾನ್’ ಆರಂಭವಾಗುತ್ತದೆ. ನಲವತ್ತು ದಿನಗಳ ಕಡುಚಳಿಗೆ ಅಲ್ಲಿನ ಜನ ಇಟ್ಟಿರುವ ಹೆಸರು ಅದು. ಜನವರಿ ಕೊನೆಗೆ ಅದು ಮುಗಿದರೆ ಇಪ್ಪತ್ತು ದಿನಗಳ ‘ಚಿಲ್ಲೈ ಖುರ್ದ್’, ಅದರ ಬೆನ್ನಿಗೇ ಹತ್ತು ದಿನಗಳ ‘ಚಿಲ್ಲೈ ಬಚ್ಚಾ’. ಮಲೆನಾಡಿನ ರೈತನು ಮಳೆಯನ್ನು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುವಂತೆ ಕಾಶ್ಮೀರದ ರೈತನು ಚಳಿಯನ್ನು ಈ ಮೂರು ಹೆಸರುಗಳಲ್ಲಿ ಹಿಡಿಯುತ್ತಾನೆ. ಮೊದಲ ನಲವತ್ತು ದಿನಗಳಲ್ಲಿ ಬಿದ್ದ ಹಿಮ ಬೆಟ್ಟದ ಮೇಲೆ ಗಟ್ಟಿಯಾಗಿ ಉಳಿದು, ಬೇಸಿಗೆಯಲ್ಲಿ ಕರಗಿ ಗದ್ದೆಗೆ ನೀರಾಗುತ್ತದೆ. ಆದ್ದರಿಂದ ಚಳಿಯನ್ನು ಬೈಯುತ್ತಲೇ ಅದು ಸರಿಯಾಗಿ ಬರಲಿ ಎಂದು ಹಾರೈಸುವ ಜನ ಅವರು. ಮಳೆಯ ವಿಷಯದಲ್ಲಿ ಮಲೆನಾಡಿಗರದೂ ಇದೇ ಪಾಡಲ್ಲವೇ?

ಹಿಮವನ್ನೇ ಕಾಣದ ಊರಿನಲ್ಲಿ ಹಿಮದ ಕೆರೆಯ ಮಾತು ಯಾಕೆ ಎಂದು ಯಾರಾದರೂ ಕೇಳಬಹುದು. ಕೆರೆಯೊಂದಕ್ಕೆ ಏನಾಗಿದೆ ಎಂಬುದು ಸಾಮಾನ್ಯ ದಿನಗಳಲ್ಲಿ ಕಣ್ಣಿಗೆ ಬೀಳುವುದಿಲ್ಲ. ನೀರು ಹೊಳೆಯುತ್ತಿರುತ್ತದೆ, ಹಕ್ಕಿ ಈಜುತ್ತಿರುತ್ತದೆ, ನೋಡುವವನಿಗೆ ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಕೆರೆ ಹೆಪ್ಪುಗಟ್ಟುವ ಹದಿನೈದಿಪ್ಪತ್ತು ದಿನಗಳಲ್ಲಿ ಮಾತ್ರ ಅದರ ಆಳ, ಅದರ ಹೂಳು, ಅದಕ್ಕೆ ಬರುವ ನೀರು, ಅದರಿಂದ ಸೋರಿಹೋಗುವ ನೀರು ಎಲ್ಲವೂ ಬಯಲಿಗೆ ಬರುತ್ತವೆ. ಹೊಕೆರ್ಸರ್ ಎಂಬ ಒಂದು ಜೌಗು ಕೆರೆಯ ಉದಾಹರಣೆಯಿಂದ ಇದನ್ನು ನೋಡಬಹುದು.

ಶ್ರೀನಗರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 1,584 ಮೀಟರ್ ಎತ್ತರದಲ್ಲಿ ಹೊಕೆರ್ಸರ್ ಇದೆ. ಹಿಂದಕ್ಕೆ ಪೀರ್ ಪಂಜಾಲ್ ಬೆಟ್ಟಸಾಲು. ಆ ಬೆಟ್ಟಗಳಿಂದ ಇಳಿಯುವ ದೂಧ್‌ಗಂಗಾ ಹೊಳೆ ಇದಕ್ಕೆ ನೀರು ತರುತ್ತದೆ. ಡೋಗ್ರಾ ಅರಸರ ಕಾಲದಲ್ಲಿ ಇದು ಬಾತುಬೇಟೆಗೆ ಮೀಸಲಾದ ಜಾಗವಾಗಿತ್ತು. ಒಂದು ಕಾಲದಲ್ಲಿ ಕೊಂದ ಹಕ್ಕಿಗಳನ್ನು ಎಣಿಸುತ್ತಿದ್ದ ದಡದಲ್ಲಿ ಇಂದು ಬದುಕಿರುವ ಹಕ್ಕಿಗಳನ್ನು ಎಣಿಸುತ್ತಾರೆ. ಕಾಶ್ಮೀರ ಕಣಿವೆಯಲ್ಲಿ ಉಳಿದಿರುವ ವಿಶಾಲ ಜೊಂಡುಕಾಡು ಇಲ್ಲಿಯದು. 2005ರ ನವೆಂಬರಿನಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಆಗ ನಮೂದಾದ ವಿಸ್ತೀರ್ಣ 1,375 ಹೆಕ್ಟೇರ್.

ಅಕ್ಟೋಬರ್ ಕೊನೆಯಿಂದ ಇಲ್ಲಿಗೆ ಬಾತುಗಳು ಬಂದಿಳಿಯುತ್ತವೆ. ಹಸಿರು ತಲೆಯ ಮಲ್ಲಾರ್ಡ್, ಸೂಜಿಬಾಲದ ಬಾತು, ಸಲಿಕೆಯಂಥ ಕೊಕ್ಕಿನ ಬಾತು, ಗ್ಯಾಡ್ವಾಲ್, ವಿಜನ್, ಪುಟ್ಟ ಟೀಲ್, ಕೆಂಪು ತಲೆಯ ಪೋಚಾರ್ಡ್, ಜೊತೆಗೆ ಬೂದು ಬಣ್ಣದ ಹೆಬ್ಬಾತು. ಹಣೆಯ ಮೇಲೆ ಬಿಳಿ ನಾಮವಿರುವ ನಾಮದ ಕೋಳಿಯಂತೂ ಮಲೆನಾಡಿನ ಕೆರೆಗಳಲ್ಲೂ ಪರಿಚಿತ. ಸೈಬೀರಿಯ ಹಾಗೂ ಮಧ್ಯ ಏಷ್ಯಾದ ಚಳಿಯಿಂದ ತಪ್ಪಿಸಿಕೊಂಡು ಬಂದ ಈ ಹಕ್ಕಿಗಳಿಗೆ ಕಾಶ್ಮೀರದ ಹಿಮ ದೊಡ್ಡ ಕಷ್ಟವಲ್ಲ. ಅವು ಹೆದರುವುದು ಹಿಮಕ್ಕಲ್ಲ, ಮುಚ್ಚಿಹೋದ ನೀರಿಗೆ.

ಜನವರಿಯ ಗಣತಿಯ ದಿನ ಇನ್ನೂ ಮಬ್ಬುಗತ್ತಲಿರುವಾಗಲೇ ಎಣಿಸುವವರು ದಡಕ್ಕೆ ಬರುತ್ತಾರೆ. ಉಣ್ಣೆಯ ಫೆರನ್ ಒಳಗೆ ಹೊಟ್ಟೆಗೆ ಆತುಕೊಂಡಂತೆ ಕಾಂಗಡಿ ಇರುತ್ತದೆ. ಬೆತ್ತದ ಹೆಣಿಗೆಯೊಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ದೋಣಿಯ ಮುಂದೆ ನಿಂತವನು ಉದ್ದನೆಯ ಗಳದಿಂದ ಮಂಜುಗಡ್ಡೆಯನ್ನು ಗುದ್ದಿ ಒಡೆಯುತ್ತಾನೆ, ಹಿಂದಿನವನು ಹುಟ್ಟು ಹಾಕುತ್ತಾನೆ. ಒಡೆದ ದಾರಿ ಹಿಂದಿನಿಂದಲೇ ಮತ್ತೆ ಕೂಡಿಕೊಳ್ಳುತ್ತ ಬರುತ್ತದೆ. ದುರ್ಬೀನಿನ ಗಾಜಿಗೆ ಉಸಿರು ತಾಗಿದರೆ ಸಾಕು, ಅದು ಮಸುಕಾಗುತ್ತದೆ. ಬಾಲ್‌ಪೆನ್ನಿನ ಶಾಯಿ ಗಟ್ಟಿಯಾಗಿ ಬರೆಯದೆ ಹೋಗುತ್ತದೆ, ಆದುದರಿಂದ ಪೆನ್ಸಿಲೇ ಗತಿ. ಇಷ್ಟೆಲ್ಲ ಕಷ್ಟದ ನಡುವೆ ಹಿಮ ಒಂದು ಉಪಕಾರವನ್ನೂ ಮಾಡುತ್ತದೆ. ಬೇರೆ ದಿನಗಳಲ್ಲಿ ಕಂದು ಜೊಂಡಿನೊಳಗೆ ಕಂದು ಹಕ್ಕಿ ಕಾಣುವುದೇ ಇಲ್ಲ. ಬಿಳಿಯ ಹಾಸಿನ ಮೇಲಾದರೋ ಪ್ರತಿಯೊಂದು ಬಾತೂ ಮಸಿಯ ಬೊಟ್ಟಿನಂತೆ ಎದ್ದು ಕಾಣುತ್ತದೆ. ರಾತ್ರಿ ನರಿ ಬಂದು ಹೋಗಿದ್ದರೆ ಅದರ ಹೆಜ್ಜೆಸಾಲು ಹಿಮದ ಮೇಲೆ ಮೂಡಿರುತ್ತದೆ.

ಸಾವಿರಗಟ್ಟಲೆ ಹಕ್ಕಿಗಳನ್ನು ಒಂದೊಂದಾಗಿ ಎಣಿಸಲು ಸಾಧ್ಯವಿಲ್ಲ. ಗುಂಪಿನ ಒಂದು ಅಂಚಿನಲ್ಲಿ ಹತ್ತು ಹಕ್ಕಿಗಳನ್ನು ನಿಜವಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಿಗೆ ಕಟ್ಟಿಸಿಕೊಂಡು, ಅಂಥ ತುಂಡುಗಳು ಎಷ್ಟಿವೆ ಎಂದು ನೋಡುತ್ತಾರೆ. ದೊಡ್ಡ ಗುಂಪಾದರೆ ನೂರರ ತುಂಡು, ಇನ್ನೂ ದೊಡ್ಡದಾದರೆ ಐನೂರರದು. ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡುವುದು ಒಳ್ಳೆಯ ಪದ್ಧತಿ. ಈ ಬಗೆಯ ಚಳಿಗಾಲದ ಗಣತಿ ಜಗತ್ತಿನಲ್ಲಿ 1967ರಿಂದಲೂ ಏಷ್ಯಾದ ನೀರುಹಕ್ಕಿ ಗಣತಿ ಎಂಬ ಹೆಸರಿನಲ್ಲಿ 1987ರಿಂದಲೂ ನಡೆದುಬಂದಿದೆ. ವೃತ್ತಿಯ ವಿಜ್ಞಾನಿಗಳಿಗಿಂತ ಹೆಚ್ಚಾಗಿ ಇದನ್ನು ಹೊತ್ತುಕೊಂಡವರು ಶಾಲಾ ಮಾಸ್ತರರು, ವಿದ್ಯಾರ್ಥಿಗಳು, ಕೆರೆಯ ಸುತ್ತಲಿನ ಆಸಕ್ತರು.

ಇನ್ನು ಮಂಜುಗಡ್ಡೆಯ ವಿಷಯ. ಬಹುಪಾಲು ವಸ್ತುಗಳು ತಣ್ಣಗಾದಷ್ಟೂ ಸಾಂದ್ರವಾಗುತ್ತ ಹೋಗುತ್ತವೆ. ನೀರು ಹಾಗಲ್ಲ. ಅದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಸಾಂದ್ರವಾಗಿ ತಳಕ್ಕೆ ಇಳಿಯುತ್ತದೆ; ಅದಕ್ಕಿಂತ ತಣ್ಣಗಿನ ನೀರು ಮೇಲೆಯೇ ಉಳಿದು ಗಡ್ಡೆಯಾಗುತ್ತದೆ. ಗಡ್ಡೆ ತೇಲುವುದರಿಂದ ಕೆರೆಗೆ ಕಂಬಳಿ ಹೊದಿಸಿದಂತಾಗಿ ಕೆಳಗಿನ ನೀರು ಹೆಪ್ಪುಗಟ್ಟದೆ ಉಳಿಯುತ್ತದೆ. ಮೀನೂ ನೀರಗಿಡದ ಬೇರೂ ಬದುಕುವುದು ಈ ಗುಣದಿಂದ. ಇದು ಆಳವಿರುವ ಕೆರೆಯ ಮಾತು. ಆಳವಾದ ಕೆರೆ ಬೇಸಿಗೆಯಿಂದ ಕೂಡಿಟ್ಟ ಬಿಸಿಯನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ, ತಡವಾಗಿ ಹೆಪ್ಪುಗಟ್ಟುತ್ತದೆ. ಮೊಣಕಾಲುದ್ದದ ನೀರಿಗೆ ಕೂಡಿಡಲು ಬಿಸಿಯೇ ಇಲ್ಲ. ಎರಡು ಮೂರು ನಿರಭ್ರ ರಾತ್ರಿಗಳಲ್ಲಿ ಅದು ದಡದಿಂದ ದಡಕ್ಕೆ ಮುಚ್ಚಿಹೋಗುತ್ತದೆ. ಹೊಳೆಯ ನೀರು ಬಂದು ಸೇರುವ ಬಾಯಿಯಲ್ಲಿ ಮಾತ್ರ ಹರಿವಿನ ಕಾರಣದಿಂದ ಒಂದಿಷ್ಟು ಜಾಗ ತೆರೆದುಕೊಂಡಿರುತ್ತದೆ.

ಮಲ್ಲಾರ್ಡ್, ಟೀಲ್, ಸೂಜಿಬಾಲ ಮುಂತಾದವು ಮುಳುಗುವ ಬಾತುಗಳಲ್ಲ. ಬಾಲವನ್ನು ಮೇಲಕ್ಕೆತ್ತಿ, ತಲೆಯನ್ನು ನೀರೊಳಗೆ ತೂರಿಸಿ, ಕೊಕ್ಕಿಗೆ ಎಟುಕುವಷ್ಟು ಆಳದಲ್ಲಿ ಬೀಜ, ಬೇರು, ಹುಳುಗಳನ್ನು ಹುಡುಕುತ್ತವೆ. ಪೋಚಾರ್ಡ್ ಜಾತಿಯವು ಮುಳುಗಿ ಮೇಯುತ್ತವೆ. ಹೀಗಾಗಿ ಒಳ್ಳೆಯ ಜೌಗುಕೆರೆಯಲ್ಲಿ ಎರಡೂ ಇರಬೇಕು: ಮೇಯುವುದಕ್ಕೆ ತೆಳ್ಳನೆಯ ಅಂಚು, ಗಡ್ಡೆಗಟ್ಟಿದಾಗ ಆಸರೆಗೆ ಆಳದ ನಡುಭಾಗ. ಎಲ್ಲ ಕಡೆಯೂ ಒಂದೇ ಮಟ್ಟಕ್ಕೆ ತೋಡಿದ ಕೆರೆಯೂ ಹಕ್ಕಿಗೆ ಪ್ರಯೋಜನವಿಲ್ಲ, ಎಲ್ಲ ಕಡೆಯೂ ಹೂಳು ತುಂಬಿದ ಕೆರೆಯೂ ಪ್ರಯೋಜನವಿಲ್ಲ. ಜೆಸಿಬಿ ತಂದು ಕೆರೆಯನ್ನು ಬಾಣಲೆಯಂತೆ ಕೆರೆಯುವುದೇ ಕೆರೆ ಅಭಿವೃದ್ಧಿ ಎಂದು ತಿಳಿದಿರುವವರು ಈ ಮಾತನ್ನು ಗಮನಿಸತಕ್ಕದ್ದು.

ಬಾತು ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಿಂತಿರುವುದನ್ನು ಕಂಡು ಮಕ್ಕಳು ಅಚ್ಚರಿಪಡುತ್ತಾರೆ. ಅದರ ಕಾಲಿನಲ್ಲಿ ಕೆಳಗಿಳಿಯುವ ಬಿಸಿರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒತ್ತಿಕೊಂಡಿರುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸಿಬಿಡುವುದರಿಂದ ಪಾದ ತಣ್ಣಗೇ ಇರುತ್ತದೆ, ಮೈಯ ಬಿಸಿ ಪೋಲಾಗುವುದಿಲ್ಲ. ಚಳಿಯನ್ನು ತಡೆಯುವ ಉಪಾಯ ಹಕ್ಕಿಯ ಮೈಯಲ್ಲೇ ಇದೆ. ಹಸಿವನ್ನು ತಡೆಯುವ ಉಪಾಯ ಮಾತ್ರ ಅದಕ್ಕಿಲ್ಲ. ಕೊಬ್ಬು ಕರಗುತ್ತ ಹೋಗುತ್ತದೆ. ಆ ದಿನಗಳಲ್ಲಿ ಹಕ್ಕಿಯನ್ನು ಒಮ್ಮೆ ಸುಮ್ಮನೆ ಎಬ್ಬಿಸಿದರೂ ಅದು ಹಾರಾಟಕ್ಕೆ ಖರ್ಚು ಮಾಡುವ ಶಕ್ತಿಯನ್ನು ಮರಳಿ ಗಳಿಸುವುದಕ್ಕೆ ನೀರು ತೆರೆದಿರುವುದಿಲ್ಲ. ಹಿಮದ ಹಿನ್ನೆಲೆಯಲ್ಲಿ ಹಾರುವ ಗುಂಪಿನ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಹೆಪ್ಪುಗಟ್ಟಿದ ಕೆರೆಯಲ್ಲಿ ಅಂಥ ಚಿತ್ರದ ಬೆಲೆಯನ್ನು ತೆರುವುದು ಹಕ್ಕಿ.

2021ರ ಜನವರಿಯನ್ನು ಕಣಿವೆಯ ಜನ ಇನ್ನೂ ಮರೆತಿಲ್ಲ. ಎರಡು ಭಾರಿ ಹಿಮಪಾತಗಳ ಬಳಿಕ ಚಳಿ ಬಿಗಿಯಿತು. ಜನವರಿ 14ರಂದು ಶ್ರೀನಗರದಲ್ಲಿ ಉಷ್ಣಾಂಶ ಸೊನ್ನೆಗಿಂತ 8.4 ಡಿಗ್ರಿ ಕೆಳಕ್ಕೆ ಇಳಿಯಿತು. ದಾಲ್ ಸರೋವರ ಹೆಪ್ಪುಗಟ್ಟಿ ಜನ ಅದರ ಮೇಲೆ ನಡೆದಾಡಿದರು. ಹೊಕೆರ್ಸರ್‌ನಲ್ಲಿ ಹಕ್ಕಿಗಳಿಗೆ ಮೇವು ಸಿಗದಾಯಿತು. ಅರಣ್ಯ ಸಿಬ್ಬಂದಿ ದೋಣಿಗಳಲ್ಲಿ ಭತ್ತದ ಮೂಟೆಗಳನ್ನು ಹೇರಿಕೊಂಡು, ಗಡ್ಡೆಯನ್ನು ಒಡೆಯುತ್ತ ಸಾಗಿ, ತೆರೆದ ನೀರಿಗೂ ಹಿಮದ ಮೇಲಕ್ಕೂ ಕಾಳು ಚೆಲ್ಲಿದರು. ಆ ಚಳಿಯಲ್ಲಿ ಹಾಗೆ ಕೆಲಸ ಮಾಡಿದವರ ಬಗ್ಗೆ ಗೌರವದ ಮಾತನ್ನೇ ಆಡಬೇಕು. ಆದರೆ ಕಾಳು ಚೆಲ್ಲಬೇಕಾಗಿ ಬಂದದ್ದು ಏಕೆ ಎಂಬ ಪ್ರಶ್ನೆಯನ್ನು ಕೇಳದೆ ಇರಲೂ ಆಗದು. ಕಾಶ್ಮೀರದಲ್ಲಿ ಕಡುಚಳಿ ಹೊಸದಲ್ಲ. ಬದಲಾದದ್ದು ಕೆರೆ.

ಕಾಶ್ಮೀರದ ವಿಜ್ಞಾನಿಗಳ ಅಧ್ಯಯನವೊಂದರ ಪ್ರಕಾರ 1969ರಲ್ಲಿ 18.75 ಚದರ ಕಿಲೋಮೀಟರ್ ಇದ್ದ ಹೊಕೆರ್ಸರ್ 2008ರ ಹೊತ್ತಿಗೆ 13 ಚದರ ಕಿಲೋಮೀಟರ್‌ಗೆ ಇಳಿದಿತ್ತು. ಮೇಲಿನ ಇಳಿಜಾರುಗಳಿಂದ ಕೊಚ್ಚಿಬಂದ ಮಣ್ಣು ತಳದಲ್ಲಿ ಕೂತಿತು; ಅಂಚಿನಲ್ಲಿ ಗದ್ದೆ, ತೋಟ, ಆಮೇಲೆ ಮನೆಗಳು ಬಂದವು. ಇದರ ಮೇಲೆ ಇನ್ನೊಂದು ಸಂಗತಿ ಸೇರಿಕೊಂಡಿತು. ಝೇಲಂ ನದಿಯ ಪ್ರವಾಹದಿಂದ ಶ್ರೀನಗರವನ್ನು ಉಳಿಸಲು 1903ರ ನೆರೆಯ ನಂತರ ತೋಡಿದ ಒಂದು ದೊಡ್ಡ ಕಾಲುವೆಯಿದೆ. ನದಿಯ ಹೆಚ್ಚುವರಿ ನೀರನ್ನು ನಗರದ ಹೊರಗಿನಿಂದ ಒಯ್ದು ವುಲರ್ ಸರೋವರದ ಕಡೆಗೆ ಬಿಡುವ ಈ ಕಾಲುವೆ ಹೊಕೆರ್ಸರ್‌ನ ನಡುವೆಯೇ ಹಾದುಹೋಗುತ್ತದೆ. 2014ರ ಸೆಪ್ಟೆಂಬರಿನ ಮಹಾಪೂರದಲ್ಲಿ ಶ್ರೀನಗರ ಮುಳುಗಿದ ಮೇಲೆ ಕಾಲುವೆಯ ಹೂಳೆತ್ತಿ ಆಳಗೊಳಿಸುವ ಕೆಲಸ ನಡೆಯಿತು. ನಗರದ ದೃಷ್ಟಿಯಿಂದ ಅದು ಅಗತ್ಯವಾದ ಕೆಲಸವೇ. ಆದರೆ ಕಾಲುವೆಯ ತಳ ಕೆರೆಯ ತಳಕ್ಕಿಂತ ಕೆಳಗಿಳಿದಾಗ ಕೆರೆಯ ನೀರು ನಿಲ್ಲದೆ ಅದರೊಳಗೆ ಬಸಿದುಹೋಗತೊಡಗಿತು.

ಇದನ್ನು ಮಲೆನಾಡಿನ ಜನರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೆರೆಯ ಕೋಡಿಯ ಕಲ್ಲನ್ನು ಎರಡು ಮೊಳ ಕಿತ್ತುಹಾಕಿದರೆ ಏನಾಗುತ್ತದೆ, ತೂಬು ಮುಚ್ಚದೆ ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದು ಗದ್ದೆ ಮಾಡಿದ ಯಾರಿಗಾದರೂ ಗೊತ್ತು. ಹೊಕೆರ್ಸರ್‌ಗೆ ಬೇಕಾಗಿದ್ದದ್ದು ಒಂದು ಕೋಡಿ ಮತ್ತು ಒಂದು ತೂಬು, ಅಷ್ಟೇ. ನೀರು ತಡೆದು ನಿಲ್ಲಿಸುವ ಗೇಟುಗಳು ಬೇಕೆಂಬ ಮಾತು ಕೂಡಲೇ ಎದ್ದಿತು; ಕೆಲಸ ಮಾತ್ರ ವರ್ಷಗಟ್ಟಲೆ ಎಳೆಯಿತು. ನೆರೆಗೆ ಹೆದರಿ ನೀರನ್ನು ಓಡಿಸುವ ಊರು, ನೀರು ನಿಲ್ಲಲಿ ಎಂದು ಕಾಯುವ ಹಕ್ಕಿ. ಎರಡರ ಬೇಡಿಕೆಯೂ ನ್ಯಾಯವೇ. ಜೌಗು ಕೆರೆಯೇ ನೆರೆಯ ನೀರನ್ನು ಕುಡಿದು ನಿಧಾನವಾಗಿ ಬಿಡುವ ಹೊಟ್ಟೆ ಎಂಬುದು ಮೊದಲೇ ನೆನಪಿನಲ್ಲಿದ್ದಿದ್ದರೆ ಈ ಎರಡು ಬೇಡಿಕೆಗಳು ಎದುರುಬದುರಾಗುತ್ತಿರಲಿಲ್ಲ.

ಈಗ ಎಣಿಕೆಯ ವಿಷಯಕ್ಕೆ ಮರಳಬಹುದು. ಪ್ರತಿವರ್ಷ ಗಣತಿ ಮುಗಿದ ಮೇಲೆ ಕಣಿವೆಗೆ ಇಷ್ಟು ಲಕ್ಷ ಹಕ್ಕಿಗಳು ಬಂದವು ಎಂದು ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಸಂಖ್ಯೆ ಏರಿದರೆ ಕೆರೆಗಳು ಸುಧಾರಿಸಿವೆ ಎಂದು ಸಮಾಧಾನ, ಇಳಿದರೆ ಗಾಬರಿ. ಎರಡೂ ಅವಸರದ ತೀರ್ಮಾನಗಳೇ ಆಗಬಹುದು. ಹೈಗಾಮ್, ಶಾಲಬುಗ್, ಮೀರ್‌ಗುಂಡ್ ಮೊದಲಾದ ತೆಳ್ಳನೆಯ ಕೆರೆಗಳು ಪೂರ್ತಿ ಹೆಪ್ಪುಗಟ್ಟಿದವು ಎನ್ನಿ. ಅಲ್ಲಿಯ ಹಕ್ಕಿಗಳೆಲ್ಲ ಎದ್ದು ಎಲ್ಲಿ ಒಂದಿಷ್ಟು ನೀರು ತೆರೆದಿದೆಯೋ ಅಲ್ಲಿಗೆ ಬಂದು ಕಿಕ್ಕಿರಿಯುತ್ತವೆ. ಅಂದು ಆ ಒಂದು ಕೆರೆಯಲ್ಲಿ ಎಣಿಸಿದವನಿಗೆ ಹಿಂದೆಂದೂ ಕಾಣದ ಸಂಖ್ಯೆ ಸಿಗುತ್ತದೆ. ಅದು ಆ ಕೆರೆಯ ಸಮೃದ್ಧಿಯ ಗುರುತಲ್ಲ, ಉಳಿದ ಕೆರೆಗಳ ಸಂಕಟದ ಗುರುತು. ಇನ್ನೊಂದು ವರ್ಷ ಚಳಿ ಹಗುರವಾಗಿದ್ದರೆ ಹಕ್ಕಿಗಳು ಹತ್ತಾರು ಸಣ್ಣ ಹೊಂಡಗಳಿಗೆ ಹಂಚಿಹೋಗಿ ದೊಡ್ಡ ಕೆರೆಯ ಸಂಖ್ಯೆ ಇಳಿಯುತ್ತದೆ, ಹಕ್ಕಿ ಕಡಿಮೆಯಾಗದಿದ್ದರೂ.

ಈ ಕಾರಣದಿಂದಲೇ ಎಲ್ಲ ಕೆರೆಗಳಲ್ಲೂ ಆದಷ್ಟು ಒಂದೇ ದಿನ ಎಣಿಸಬೇಕು ಎಂಬ ನಿಯಮ ಹುಟ್ಟಿದ್ದು. ಹಕ್ಕಿಯ ಸಂಖ್ಯೆಯ ಪಕ್ಕದಲ್ಲೇ ಕೆರೆಯ ಎಷ್ಟು ಪಾಲು ಗಡ್ಡೆಗಟ್ಟಿತ್ತು, ನೀರಿನ ಆಳ ಎಷ್ಟಿತ್ತು, ಹಿಂದಿನ ವಾರ ಹವೆ ಹೇಗಿತ್ತು ಎಂಬುದನ್ನು ಬರೆಯದಿದ್ದರೆ ಆ ಸಂಖ್ಯೆ ಮುಂದಿನವರಿಗೆ ಏನನ್ನೂ ಹೇಳುವುದಿಲ್ಲ. ಹತ್ತು ವರ್ಷ ಒಂದೇ ಜಾಗದಲ್ಲಿ ನಿಂತು ಬರೆದ ಮೂವತ್ತು ಹಕ್ಕಿಗಳ ಲೆಕ್ಕ, ಒಂದು ವರ್ಷ ಮಾತ್ರ ಬರೆದ ಮೂರು ಲಕ್ಷದ ಲೆಕ್ಕಕ್ಕಿಂತ ಉಪಯುಕ್ತ.

ಹಿಮ ಬಾರದ ಚಳಿಗಾಲಗಳ ತೊಂದರೆ ಬೇರೆ ಬಗೆಯದು. 2024ರ ಜನವರಿಯ ಬಹುಪಾಲು ದಿನಗಳಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳೇ ಬರಿದಾಗಿದ್ದವು. ಹಿಮ ಕೂಡದಿದ್ದರೆ ಬೇಸಿಗೆಯ ಹೊಳೆಗೆ ನೀರಿಲ್ಲ. ಹೊಳೆ ಸೊರಗಿದರೆ ಶರತ್ಕಾಲದಲ್ಲಿ ಹಕ್ಕಿ ಬಂದಿಳಿಯುವಾಗ ಕೆರೆಯಲ್ಲಿ ಕೆಸರಷ್ಟೇ. ಹೀಗೆ ಈ ವರ್ಷದ ಹಿಮ ಮುಂದಿನ ವರ್ಷದ ಹಕ್ಕಿಗೂ ಸಂಬಂಧಿಸಿದ್ದು. ಎಲ್ಲವೂ ಕೆಟ್ಟ ಸುದ್ದಿಯಲ್ಲ ಎಂಬುದಕ್ಕೆ ವುಲರ್ ಸರೋವರವನ್ನು ನೋಡಬಹುದು. 1992ರ ನೆರೆ ತಂದ ಹೂಳಿನಡಿ ಅಲ್ಲಿಯ ತಾವರೆ ಹೂತುಹೋಗಿತ್ತು. ತಾವರೆಯ ದಂಟು, ಅಂದರೆ ಕಾಶ್ಮೀರಿಗಳ ‘ನದ್ರು’, ದಡದ ಹಳ್ಳಿಗಳ ಜೀವನೋಪಾಯವಾಗಿತ್ತು. ಹೂಳೆತ್ತುವ ಕೆಲಸ ನಡೆದ ಭಾಗಗಳಲ್ಲಿ ಮೂರು ದಶಕಗಳ ಬಳಿಕ, 2025ರ ಬೇಸಿಗೆಯಲ್ಲಿ, ತಾವರೆ ಮತ್ತೆ ತುಂಬಿ ಅರಳಿತು.

ಕಾಶ್ಮೀರಕ್ಕೂ ಕರ್ನಾಟಕಕ್ಕೂ ಹಕ್ಕಿಗಳ ಲೋಕದಲ್ಲಿ ಇರುವ ನಂಟು ಮಧ್ಯ ಏಷ್ಯಾದ ಹಾರುದಾರಿ. ಕರ್ನಾಟಕಕ್ಕೆ ಬರುವ ಪ್ರತಿಯೊಂದು ಸೂಜಿಬಾಲವೂ ಕಾಶ್ಮೀರದಲ್ಲಿ ಇಳಿದೇ ಬರುತ್ತದೆ ಎನ್ನಲಾಗದು. ಆದರೆ ಎರಡೂ ಕಡೆಯ ಕೆರೆಗಳು ಒಂದೇ ದಾರಿಯ ತಂಗುದಾಣಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಹಿಮಾಲಯವನ್ನೇ ದಾಟಿ ಬರುವ ಹಕ್ಕಿ. ಟ್ರಾನ್ಸ್‌ಮಿಟರ್ ಕಟ್ಟಿ ನಡೆಸಿದ ಅಧ್ಯಯನದಲ್ಲಿ ಅದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಇದೇ ಜಾತಿಯ ಹಕ್ಕಿಗಳು ಮೈಸೂರು ಸೀಮೆಯ ಕೆರೆಯಲ್ಲಿ ಕಂಡದ್ದೂ ಉಂಟು. ಹೈಗಾಮ್ ಮತ್ತು ಶಾಲಬುಗ್ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಅದೇ ವರ್ಷ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾಯಿತು. ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ 2024ರಲ್ಲಿ ಆ ಪಟ್ಟಿಗೆ ಬಂದವು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕೆರೆ ಉಳಿಯುವುದಿಲ್ಲ ಎಂಬುದಕ್ಕೆ ಹೊಕೆರ್ಸರ್ ಸಾಕ್ಷಿ. ಆದರೂ ಪಟ್ಟಿಯಲ್ಲಿದ್ದರೆ ಕೇಳುವವರಿಗೆ ಕೇಳಲು ಒಂದು ಆಧಾರ ಸಿಗುತ್ತದೆ.

ಮಲೆನಾಡಿನ ಸಣ್ಣ ಕೆರೆಗಳು ಯಾವ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಹಿಮವೂ ಬೀಳುವುದಿಲ್ಲ. ಹೂಳು ಮಾತ್ರ ಬೀಳುತ್ತದೆ. ಗುಡ್ಡ ಅಗೆದ ಮಣ್ಣು ಒಂದೇ ಮಳೆಗಾಲದಲ್ಲಿ ಕೆರೆಯ ಅರ್ಧ ಅಂಗಳವನ್ನು ಮುಚ್ಚಿದ ಊರುಗಳು ಇಲ್ಲಿ ಕುಳಿತಿರುವ ಹಲವರಿಗೆ ಗೊತ್ತು. ಗಡ್ಡೆಗಟ್ಟುವ ಚಳಿ ಇಲ್ಲದ ಕಡೆ ಕೆರೆಯ ಆಳವನ್ನು ಬಯಲು ಮಾಡುವುದು ಮಾರ್ಚ್ ತಿಂಗಳ ಬಿಸಿಲು. ಆದ್ದರಿಂದ ಜನವರಿಯಲ್ಲಿ ಎಣಿಸಿದ ಕೆರೆಯನ್ನು ಮಾರ್ಚ್ ಕೊನೆಯಲ್ಲಿ ಇನ್ನೊಮ್ಮೆ ನೋಡಿಬರುವುದು ಒಳಿತು. ಎಷ್ಟು ನೀರು ಉಳಿಯಿತು, ಯಾವ ಹಕ್ಕಿ ಕೊನೆಯವರೆಗೆ ನಿಂತಿತು, ಯಾವುದು ಬೇಗ ಹೊರಟಿತು ಎಂಬುದನ್ನು ಅದೇ ಪುಸ್ತಕದಲ್ಲಿ ಬರೆಯಬೇಕು. ಹೆಸರು ಗೊತ್ತಿಲ್ಲದ ಹಕ್ಕಿಗೆ ಊಹೆಯ ಹೆಸರು ಬೇಡ. ‘ಗುರುತಾಗದ ಬಾತು, ಹದಿನಾಲ್ಕು’ ಎಂದು ಬರೆಯುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ; ಹೊಕೆರ್ಸರ್‌ನಲ್ಲಿ ಇಪ್ಪತ್ತು ವರ್ಷ ಎಣಿಸಿದವರೂ ಹಾಗೆ ಬರೆಯುತ್ತಾರೆ.

ನಾಳೆ ಬೆಳಗ್ಗೆ ಆರೂವರೆಗೆ ಎಲ್ಲರೂ ಕೆರೆಯ ಏರಿಯ ಮೇಲೆ ಸೇರುವುದು. ನೀರು ತೂಬಿನ ಕಲ್ಲಿನ ಎಷ್ಟನೆಯ ಮೆಟ್ಟಿಲಿನವರೆಗೆ ಇದೆ ಎಂಬುದನ್ನು ಮೊದಲು ಬರೆದುಕೊಂಡು ಆಮೇಲೆ ಹಕ್ಕಿ ಎಣಿಸಲು ತೊಡಗಬೇಕು. ಮಾತು ಮೆಲ್ಲಗಿರಲಿ. ನೀರಂಚಿಗೆ ಇಳಿಯುವುದು ಬೇಡ. ಇಬ್ಬನಿಗೆ ಹಾಳೆ ತೋಯ್ದು ಶಾಯಿ ಹರಡುವುದರಿಂದ ಪ್ರತಿಯೊಬ್ಬರೂ ಪೆನ್ಸಿಲನ್ನೇ ತರತಕ್ಕದ್ದು.